ಕಡೀ ಮಾತು ಯಾರದು?

ಜಗಳ ಆತು ಅಂದ್ರ, ಯಾಕ ಆತು ಅಂತ ನಮ್ಮಲ್ಲಿ ಯಾರೂ ಕೇಳೂದಿಲ್ಲ. "ಕಡೀಕ ಏನಂದ್ಲು?" ಅಂತ ಕೇಳ್ತಾರ. ಕಡೀ ಮಾತು ಯಾರದೋ ಅವರು ಗೆದ್ದಂಗ. ಐವತ್ತು ದಾಟಿದ ಮ್ಯಾಲೂ ನಾನು ಹಂಗ ತಿಳಕೊಂಡಿದ್ದೆ. ಹೋದ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಗಲ ರೈಲಿನ್ಯಾಗ ಹೊಂಟಾಗ, ಗುರ್ತು ಪರಿಚಯ ಇಲ್ಲದ ಮಂದಿ ಕೂಡ ಒಂದು ಆಟ ಆಡಿದೆ ನೋಡ್ರಿ, ಆವಾಗಿಂದ ಈ ವಿಚಾರ ತಲ್ಯಾಗ ಕೊರೀಲಿಕ್ಕತ್ತದ.

ಆಟ ಹೊಸಾದೇನಲ್ಲ. ಅಂತ್ಯಾಕ್ಷರಿ, ಆದ್ರ ಹಾಡಿಲ್ಲದ್ದು. ಒಬ್ಬರು ಒಂದು ಶಬ್ದ ಹೇಳಬೇಕು, ಅದರ ಕಡೀ ಅಕ್ಷರದಿಂದ ಮುಂದಿನವರು ಇನ್ನೊಂದು ಹೇಳಬೇಕು. ಕಾಗುಣಿತ ಬದಲಾದ್ರ ನಡೀತದ. ಯಾರ ಶಬ್ದಕ್ಕ ಉತ್ತರ ಬರೂದಿಲ್ಲೋ ಅವರು ಗೆದ್ದಂಗ.

ಎದುರಿಗೆ ಕೂತ ಹುಡುಗಿ ತನ್ನ ಸಣ್ಣ ಮಗನ್ನ ಸುಮ್ಮನ ಕೂಡಸ್ಲಿಕ್ಕೆ ಅಂತ ಶುರು ಮಾಡಿದ್ಲು. ಹೊರಗ ಹಾವೇರಿ ಬಂದಿತ್ತು, ಹುಡುಗ "ಹಾವೇರಿ" ಅಂದ. ಪೇಪರ್ ಓದ್ಲಿಕ್ಕತ್ತಿದ್ದ ಕಾಕಾ ಒಬ್ಬರು ತಲಿ ಎತ್ತದನ "ರಾಣೆಬೆನ್ನೂರು" ಅಂದ್ರು. "ಅದು ಮುಂದ ಬರೂ ಸ್ಟೇಷನ್ನು. ರೈಲ್ವೇದವರು ಹೇಳಿಕೊಟ್ಟದ್ದು ನಡಿಯೂದಿಲ್ಲ" ಅಂತ ಕಿಟಕಿ ಕಡೆ ಕೂತ ಅಜ್ಜಿ ಅಂದ್ರು. ಅಷ್ಟ ಸಾಕಾತು, ಸುತ್ತ ಕೂತವರೆಲ್ಲಾ ಆಟಕ್ಕಿಳಿದ್ರು.

ನನಗ ರ ಬಂತು. "ರವಾ ಉಂಡಿ" ಅಂದೆ. ಬಾಜೂಕ ಕೂತ ಕಾಲೇಜ್ ಹುಡುಗ, "ಅಕ್ಕಾರ, ಬರೇ ಹೆಸರು ಹೇಳಿದ್ರ ಒಪ್ಪೂದಿಲ್ಲ, ಡಬ್ಬಿ ತಗೀರಿ. ಡಬ್ಬಿ! ಅದ ನನ್ನ ಶಬ್ದ" ಅಂದ. ಬದನಿಕಾಯಿ ಬಂತು, ಯಾಲಕ್ಕಿ ಬಂತು. ಕಾಕಾನ ಪಾಳಿ ಬಂದಾಗ ಅವರು "ಕಲ್ಯಾಣ" ಅಂದು ಕೈ ಕಟ್ಟಿಕೊಂಡು ಕೂತ್ರು. ಮಾರಿ ಮ್ಯಾಲೆ ಗೆದ್ದ ಕಳಾ.

ಕನ್ನಡದಾಗ ಣ ದಿಂದ ಶಬ್ದ ಎಲ್ಲಿಂದ ತರೂದು? ಹುಡುಗಿ ಅಂದ್ಲು, "ನಮ್ಮ ಬಸಣ್ಣ, ಈರಣ್ಣ, ಸಂಗಣ್ಣ ಎಲ್ಲಾರೂ ಣ ದಾಗ ಮುಗೀತಾರ, ಒಬ್ಬರೂ ಣ ದಿಂದ ಶುರು ಆಗೂದಿಲ್ಲ." ಕಾಲೇಜ್ ಹುಡುಗ ಬ್ಯಾರೇ ತಕರಾರು ತಗದ. ಜಪಾನದಾಗೂ ಇದ ಆಟ ಅದ ಅಂತ, ಶಿರಿತೋರಿ ಅಂತಾರಂತ. ಅವರಲ್ಲಿ 'ನ್' ಅನ್ನೂ ಅಕ್ಷರದಿಂದ ಶಬ್ದ ಶುರು ಆಗೂದಿಲ್ಲ. ಅದಕ್ಕ 'ನ್' ದಾಗ ಮುಗಿಯೂ ಶಬ್ದ ಯಾರು ಹೇಳ್ತಾರೋ ಅವರ ಸೋತಂಗ. "ಕಾಕಾ, ಜಪಾನದಾಗಿದ್ರ ನೀವು ಔಟ್!" ಅಂದ. ಕಾಕಾ ಅಂದ್ರು, "ನಾ ಟಿಕೀಟ್ ತಗಸಿದ್ದು ಬೆಂಗಳೂರಿಗೆ."

ಎಲ್ಲಾರೂ ನಗೂವಾಗ ಕಿಟಕಿ ಕಡೆ ಅಜ್ಜಿ ಸಾವಕಾಶ ಅಂದ್ರು: "ಣಮೋಕಾರ."

ಒಂದು ಗಳಿಗೆ ಎಲ್ಲಾರೂ ಗಪ್ಪ. "ನಾವು ಜೈನರು. ದಿನಾ ಮುಂಜಾನೆ ಹೇಳೂ ಮಂತ್ರ, ಪ್ರಾಕೃತದ್ದು. ಣ ದಿಂದನ ಶುರು" ಅಂದ್ರು. ಎಲ್ಲಾರಿಗಿಂತ ಜೋರಾಗಿ ಚಪ್ಪಾಳಿ ಹೊಡದವರು ಯಾರು ಅಂತೀರಿ? ಸೋತ ಕಾಕಾ! ಮತ್ತ ರ ಬಂತು, ಮತ್ತ ಆಟ ನಡೀತು. ತುಮಕೂರು ಬರೂದ್ರಾಗ ಯಾರು ಗೆದ್ರು ಅನ್ನೂ ಲೆಕ್ಕಾನ ಮರತಿದ್ವಿ. ಒಬ್ಬರ ಹೆಸರು ಒಬ್ಬರು ಕೇಳದನ ಇಳದು ಹೋದ್ವಿ.

ಆ ಹುಡುಗ ಹೇಳಿದ ಜಪಾನದ ನಿಯಮ ಖರೇ ಅಂತ ನನಗ ಅನಸ್ತದ. ಆಟ ಬಂದ್ ಮಾಡಿದವರು ಸೋತಂಗ. ಯಾಕ ಹೇಳ್ತೀನಿ ಕೇಳ್ರಿ.

ಅವ್ವ ತೀರಿಕೊಂಡ ಮ್ಯಾಲೆ ಆಕಿ ಪಾಟ್ಲಿ ವಿಷಯಕ್ಕ ನನಗೂ ನನ್ನ ತಂಗಿಗೂ ಮಾತಿಗೆ ಮಾತು ಬೆಳೀತು. ನಾನು ಅಂದೆ, "ಅವ್ವ ಹಾಸಿಗಿ ಹಿಡದಾಗ ಬರದಾಕಿ, ಈಗ ಪಾಟ್ಲಿಗೆ ಬಂದೀಯೇನು?" ಆಕಿ ಚೀಲಾ ತಗೊಂಡು ಎದ್ದು ಹೋದ್ಲು. ಕಡೀ ಮಾತು ನಂದ ಆತು. ಗೆದ್ದೆ. ಹನ್ನೊಂದು ತಿಂಗಳಾತು, ದೀಪಾವಳಿಗೂ ಫೋನಿಲ್ಲ, ಯುಗಾದಿಗೂ ಇಲ್ಲ.

ರೈಲಿನ ಮಂದಿ ಇಳದು ಹೋಗ್ತಾರ, ಅವರ ಜೋಡಿ ನಗೂದು ಸೋವಿ, ಮನ್ಯಾಗ ಹಂಗಲ್ಲ ಅಂತ ಯಾರರೆ ಅಂದ್ರ, ಅದು ಖರೇನ. ಮತ್ತ ಹೆಂಗಸರು ಎಲ್ಲಾ ನುಂಗಿಕೊಂಡು ಕೂಡಬೇಕು ಅಂತಾನೂ ನಾ ಹೇಳ್ಲಿಕ್ಕತ್ತಿಲ್ಲ. ಅವ್ವನ ಹಾಸಿಗಿ ಬದಲಿಸಿದಾಕಿ ನಾನು, ನನ್ನ ಸಿಟ್ಟು ಸುಳ್ಳಲ್ಲ. ಸಿಟ್ಟು ಹೇಳಬೇಕು. ಆದ್ರ ಎದುರಿನವರಿಗೆ ತಿರುಗಿ ಹೇಳ್ಲಿಕ್ಕೆ ಒಂದು ಅಕ್ಷರ ಉಳಿಸಿ ಹೇಳಬೇಕು. "ಅವ್ವ ಮಲಗಿದಾಗ ನೀ ಯಾಕ ಬರಲಿಲ್ಲ?" ಅಂತ ಕೇಳಿದ್ರ ಆಕಿ ಏನರೆ ಹೇಳ್ತಿದ್ಲು. ನಾನು ಕೇಳಲೇ ಇಲ್ಲ, ಣ ಒಗದೆ. ಗುರ್ತಿಲ್ಲದವರ ಜೋಡಿ ಆಟ ಮುಂದ ಹೋಗಲಿ ಅಂತೀವಿ, ಒಡಹುಟ್ಟಿದವರ ಜೋಡಿ ಹೆಂಗ ಮುಗಿಸೂದು ಅಂತ ಹುಡುಕ್ತೀವಿ.

ಬೆಂಗಳೂರು ಮುಟ್ಟಿದ ಮರುದಿನ ಮುಂಜಾನೆ ತಂಗಿಗೆ ಫೋನ್ ಹಚ್ಚಿದೆ. ಏನು ಮಾತಾಡಬೇಕೋ ತಿಳೀಲಿಲ್ಲ. "ಣ ದಿಂದ ಒಂದು ಶಬ್ದ ಹೇಳ" ಅಂದೆ. ಭಾಳ ಹೊತ್ತು ಸುಮ್ಮನಿದ್ಲು. ಆಮ್ಯಾಲೆ, "ನಿನಗ ತಲಿ ಕೆಟ್ಟದೇನ ಅಕ್ಕಾ?" ಅಂದ್ಲು.

ಪಾಟ್ಲಿ ವಿಷಯ ಇನ್ನೂ ಹಂಗ ಅದ. ಆದ್ರ ಮಾತಿನ ಪಾಳಿ ಈಗ ನಂದು, ಈ ಸಲ ಗೆಲ್ಲೂ ಗಡಿಬಿಡಿ ನನಗಿಲ್ಲ.