ಹೊಸ ದೀಪದ ಬೆಳಕು ಮೋರಿಯ ತನಕ ಬರಲಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಹೊಟೇಲುಗಳಲ್ಲಿ ಹಳೆಯ ಟ್ಯೂಬುಗಳು ಇಳಿಯುತ್ತಿವೆ, ಎಲ್‌ಇಡಿ ಪಟ್ಟಿಗಳು ಏರುತ್ತಿವೆ. ಇದು ಧಣಿಗಳ ಕರೆಂಟು ಬಿಲ್ಲಿನ ವಿಷಯ, ನಮಗೇನು ಎಂದು ನಮ್ಮ ಬಂಧುಗಳಲ್ಲಿ ಅನೇಕರು ಸುಮ್ಮನಿದ್ದಾರೆ. ಸುಮ್ಮನಿರಕೂಡದು. ಟ್ಯೂಬು ಬದಲಿಸಲು ಮೇಜಿನ ಮೇಲೆ ಸ್ಟೂಲಿಟ್ಟು ಹತ್ತುವವನು ನಮ್ಮ ಮಾಣಿ. ಒಡೆದ ಗಾಜನ್ನು ಗುಡಿಸುವವನು ನಮ್ಮ ಕ್ಲೀನರ್ ಹುಡುಗ. ಆ ದೀಪದ ಕೆಳಗೆ ಹತ್ತು ಹನ್ನೆರಡು ಗಂಟೆ ಕಣ್ಣು ತೆರೆದು ದುಡಿಯುವವರೂ ನಾವೇ.

ಮೊದಲು ವಸ್ತುವನ್ನು ತಿಳಿಯೋಣ. ಟ್ಯೂಬಿನ ಬೆಳಕು ಬಲ್ಬಿನಂತೆ ಕಾದ ತಂತಿಯಿಂದ ಬರುವುದಲ್ಲ. ಗಾಜಿನ ಕೊಳವೆಯೊಳಗೆ ತುಸು ಪಾದರಸದ ಆವಿ ಉಂಟು. ವಿದ್ಯುತ್ತು ಅದರೊಳಗೆ ಹರಿದಾಗ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹುಟ್ಟುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿ ಆ ಕಿರಣವನ್ನು ಹೀರಿ ನಮಗೆ ಕಾಣುವ ಬೆಳಕನ್ನು ಕೊಡುತ್ತದೆ. ಸ್ಟಾರ್ಟರು ಎರಡು ತುದಿಗಳನ್ನು ಕಾಯಿಸುತ್ತದೆ. ಚೋಕು ಒಂದು ಏಟು ಕೊಟ್ಟು ಹೊತ್ತಿಸಿ, ಅನಂತರ ಕರೆಂಟು ಮಿತಿಮೀರದಂತೆ ಹಿಡಿದಿಡುತ್ತದೆ. ಈ ತಡದಿಂದಲೇ, ಮಾತು ನಿಧಾನವಾಗಿ ಅರ್ಥವಾಗುವವನಿಗೆ ‘ಟ್ಯೂಬ್‌ಲೈಟು’ ಎಂಬ ಅಡ್ಡಹೆಸರು ಬಂದದ್ದು. 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ದೀಪವನ್ನು ನಾವು ಹೀಯಾಳಿಸುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಎಷ್ಟೋ ಹೊಟೇಲು ಹುಡುಗರು ಅಕ್ಷರ ಕಲಿತದ್ದು ಇದರ ಕೆಳಗೆಯೇ.

ಎಲ್‌ಇಡಿಯಲ್ಲಿ ಪಾದರಸವಿಲ್ಲ. ಸಣ್ಣದೊಂದು ಹರಳಿನಲ್ಲಿ ನೀಲಿ ಬೆಳಕು ಹುಟ್ಟಿ, ಮೇಲೆ ಬಳಿದ ಪುಡಿಯಿಂದ ಬಿಳಿಯಾಗುತ್ತದೆ. ಆ ನೀಲಿ ದೀಪವನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. 40 ವ್ಯಾಟಿನ ಹಳೆಯ ಟ್ಯೂಬು ತನ್ನ ಚೋಕಿನೊಡನೆ ಸುಮಾರು 50 ವ್ಯಾಟು ತಿನ್ನುತ್ತದೆ. ಅದರ ಜಾಗದ ಎಲ್‌ಇಡಿಗೆ 20 ಸಾಕು. ಇಪ್ಪತ್ತು ಟ್ಯೂಬಿನ ಹೊಟೇಲು ದಿನಕ್ಕೆ 12 ಗಂಟೆ ದೀಪ ಉರಿಸಿದರೆ ತಿಂಗಳಿಗೆ 216 ಯೂನಿಟ್ಟು ಉಳಿಯುತ್ತದೆ. ಯೂನಿಟ್ಟಿಗೆ 10 ರೂಪಾಯಿಯೆಂದು ಹಿಡಿದರೂ 2,160 ರೂಪಾಯಿ.

ಉಳಿತಾಯವನ್ನು ನಾವು ವಿರೋಧಿಸುವುದಿಲ್ಲ. ಆದರೆ ಅದು ಎಲ್ಲಿ ಬೆಳಗುತ್ತದೆ ಎಂದು ಕೇಳುತ್ತೇವೆ. ಗಿರಾಕಿ ಕೂರುವ ಕಡೆ, ಗಲ್ಲೆಯ ಮೇಲೆ, ಬೋರ್ಡಿನ ಮೇಲೆ ಹೊಸ ದೀಪ. ತಟ್ಟೆ ಲೋಟ ತೊಳೆಯುವ ಮೋರಿಗೆ, ಕಾದ ಎಣ್ಣೆಯ ಮುಂದೆ ನಿಲ್ಲುವ ಭಟ್ಟರಿಗೆ, ಹುಡುಗರು ಮಲಗುವ ಅಟ್ಟಕ್ಕೆ ಹೊರಗಿನಿಂದ ಇಳಿಸಿದ, ತುದಿ ಕಪ್ಪಾದ, ಮಿಣುಕುವ ಟ್ಯೂಬು. ಚೂರಿಯೂ ಬೆಂಕಿಯೂ ಇರುವ ಕಡೆ ಬೆಳಕು ಹೆಚ್ಚು ಬೇಕೋ, ಚಟ್ನಿ ತಿನ್ನುವ ಕಡೆಯೋ?

ಇನ್ನು ಹಳೆಯ ಟ್ಯೂಬಿನ ಗತಿ. ಅದರಲ್ಲಿರುವುದು ಕೆಲವು ಮಿಲಿಗ್ರಾಂ ಪಾದರಸವೇ ಆದರೂ ಅದು ವಿಷ. ಜಪಾನಿನ ಮಿನಮಾತದಲ್ಲಿ ಕಾರ್ಖಾನೆಯೊಂದು ಪಾದರಸದ ನೀರನ್ನು ಕೊಲ್ಲಿಗೆ ಬಿಟ್ಟಿತು. ಮೀನು ತಿಂದ ಬಡವರ ನರಗಳು ಕೆಟ್ಟವು. 1956ರಲ್ಲಿ ಆ ರೋಗ ಬೆಳಕಿಗೆ ಬಂತು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಸಾಮಾನ್ಯ ಬೆಳಕಿನ ಟ್ಯೂಬುಗಳ ತಯಾರಿಕೆ, ಆಮದು, ರಫ್ತು 2027ರ ಕೊನೆಯೊಳಗೆ ನಿಲ್ಲಬೇಕೆಂದು ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ತೀರ್ಮಾನಿಸಿದವು. ಆದುದರಿಂದ ಟ್ಯೂಬುಗಳು ಇನ್ನೂ ರಾಶಿರಾಶಿಯಾಗಿ ಇಳಿಯಲಿವೆ. ಜಾಗ ಉಳಿಸಲೆಂದು ಅವನ್ನು ಗೋಣಿಯಲ್ಲಿ ಹಾಕಿ ಒಡೆಯುವ ಪದ್ಧತಿ ನಿಲ್ಲಲಿ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ; ಹಳೆಯ ಟ್ಯೂಬನ್ನು ಇಡಿಯಾಗಿ ಕಟ್ಟಿಟ್ಟು ಅಂಥ ಸಂಗ್ರಹಕ್ಕೇ ಕೊಡತಕ್ಕದ್ದು. ಕೈತಪ್ಪಿ ಒಡೆದರೆ ಕಿಟಕಿ ಬಾಗಿಲು ತೆರೆದು ಕಾಲು ಗಂಟೆ ಹೊರಗಿರಿ. ಕಸಬರಿಕೆಯಿಂದ ಗುಡಿಸಿದರೆ ವಿಷ ಹರಡುತ್ತದೆ. ದಪ್ಪ ರಟ್ಟಿನಿಂದ ಬಳಿದು, ಒದ್ದೆ ಬಟ್ಟೆಯಿಂದ ಒರಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿಡಿ.

ವೈರಿಂಗಿನ ಅಪಾಯ ಬೇರೆ. ಕೆಲವು ಎಲ್‌ಇಡಿ ಟ್ಯೂಬುಗಳು ಹಳೆಯ ಪಟ್ಟಿಯಲ್ಲಿ ಚೋಕಿನೊಡನೆಯೇ ಕೂರುತ್ತವೆ, ಸ್ಟಾರ್ಟರು ಮಾತ್ರ ಬದಲಾಗಬೇಕು. ಕೆಲವಕ್ಕೆ ಚೋಕನ್ನು ಬಿಡಿಸಿ ನೇರ ತಂತಿ ಕೊಡಬೇಕು. ಎರಡನ್ನು ಬೆರೆಸಿದರೆ ಶಾಕು, ಬೆಂಕಿ. ಸ್ವಿಚ್ಚು ಆರಿಸಿದರೆ ಸಾಲದು, ಮೈನು ತೆಗೆಯಬೇಕು. ಒದ್ದೆ ಕೈಯ ಹುಡುಗ ವೈರ್‌ಮನ್ ಅಲ್ಲ.

ಭಿವಂಡಿಯ ಮಗ್ಗಗಳಲ್ಲಿ ದುಡಿಯುವ ಬಂಧುಗಳಿಗೂ ಒಂದು ಮಾತು. ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅದಕ್ಕೆ ತಾಳೆಯಾಗಿ ತಿರುಗುವ ಚಕ್ರ ನಿಂತಂತೆ ಕಾಣುವುದುಂಟು. ಕೈಯಿಟ್ಟವನ ಬೆರಳು ಹೋಗುತ್ತದೆ. ಕಳಪೆ ಎಲ್‌ಇಡಿಯೂ ಹೀಗೆಯೇ ಮಿಡಿಯುತ್ತದೆ. ಸಾಕಷ್ಟು ಬೆಳಕಿರಬೇಕು, ಕಣ್ಣಿಗೆ ಆಯಾಸವೋ ಅಪಘಾತವೋ ಆಗುವಂತೆ ನೆರಳು ಬೀಳಕೂಡದು ಎಂದು 1948ರ ಕಾರ್ಖಾನೆ ಕಾಯಿದೆಯ 17ನೆಯ ಕಲಮೇ ವಿಧಿಸಿತ್ತು. ಬೆಳಕು ಧಣಿಯ ದಯೆಯಲ್ಲ, ದುಡಿಯುವವನ ಹಕ್ಕು ಎಂಬುದು ಅಂದಿನಿಂದಲೇ ಒಪ್ಪಿದ ಮಾತು.

ನಮ್ಮ ಬೇಡಿಕೆ ದೊಡ್ಡದಲ್ಲ. ಟ್ಯೂಬು ಬದಲಿಸುವ ಕೆಲಸ ಲೈಸೆನ್ಸು ಇರುವ ವೈರ್‌ಮನ್ನನದಾಗಲಿ. ಒಡೆಯದೆ ಇಡಲು ಒಂದು ಪೆಟ್ಟಿಗೆ ಇರಲಿ. ಉಳಿದ ಹಣದಲ್ಲಿ ಮೊದಲ ತಿಂಗಳ ಪಾಲು ಅಡಿಗೆಮನೆಗೆ, ಮೋರಿಗೆ, ಅಟ್ಟಕ್ಕೆ ಸಲ್ಲಲಿ. ಬಂಧುಗಳು ಒಬ್ಬೊಬ್ಬರಾಗಿ ಬೇಡದೆ ಒಟ್ಟಾಗಿ ಹೋಗಿ ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಕೇಳಬೇಕು. ಎರಡು ಸಾವಿರ ಉಳಿಸುವ ಧಣಿಗೆ ಮೋರಿಯ ಮೇಲೊಂದು ದೀಪ ಭಾರವಾಗದು.