ಆ ಟೀಶರ್ಟಿನ ಮೇಲಿರುವ ನಾಲ್ಕು ಹೆಸರುಗಳು



ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾವು ನಾಲ್ಕೈದು ಮಂದಿ ಮಾತನಾಡುತ್ತಾ ನಿಂತಿದ್ದೆವು. ಗಾಯನ ಮಂಡಳಿಯಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗನೊಬ್ಬ ಕಪ್ಪು ಟೀಶರ್ಟ್ ಹಾಕಿಕೊಂಡು ಬಂದಿದ್ದ. ಎದೆಯ ಮೇಲೆ ಹದ್ದಿನ ಮುದ್ರೆ, ಅದರ ಸುತ್ತ ನಾಲ್ಕು ಹೆಸರು, ಮೇಲೆ ದಪ್ಪ ಅಕ್ಷರದಲ್ಲಿ 'ರಮೋನ್ಸ್'. ಹಿರಿಯರೊಬ್ಬರು ಹತ್ತಿರ ಬಂದು ನೋಡಿ, "ಎಂತದು ಮಾರಾಯ ಇದು?" ಎಂದು ಕೇಳಿದರು. ಅವನು ನಾಚಿಕೊಂಡು, "ಗೊತ್ತಿಲ್ಲ ಅಂಕಲ್, ಬಟ್ಟೆ ಕಂಪೆನಿಯ ಹೆಸರಿರಬೇಕು" ಎಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಮನಸ್ಸಿಗೆ ಏನೋ ಕಸಿವಿಸಿ. ಅದು ಬಟ್ಟೆ ಕಂಪೆನಿಯಲ್ಲ, ನಾನು ಕಾಲೇಜು ದಿನಗಳಿಂದ ಕೇಳಿಕೊಂಡು ಬಂದ ಒಂದು ಬ್ಯಾಂಡ್. ಆ ನಾಲ್ಕು ಹೆಸರಿನವರಲ್ಲಿ ಈಗ ಒಬ್ಬರೂ ಬದುಕಿಲ್ಲ. ಬದುಕಿದ್ದಾಗ ಅವರ ಒಂದು ಹಾಡೂ ತಮ್ಮ ದೇಶದ ಜನಪ್ರಿಯ ಹಾಡುಗಳ ಪಟ್ಟಿಯ ತುದಿ ಮುಟ್ಟಲಿಲ್ಲ. ಆದರೂ ಅರ್ಧ ಶತಮಾನ ಕಳೆದ ಮೇಲೂ ಅವರನ್ನು, ಅವರ ಜೊತೆಗಿನ ಮೊದಲ ತಲೆಮಾರಿನ ಪಂಕ್ ರಾಕ್ ಹಾಡುಗಾರರನ್ನು ಅಭಿಮಾನಿಗಳು ಬಿಟ್ಟಿಲ್ಲ. ಯಾಕೆ? ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನೀವು ಒಪ್ಪಲೇಬೇಕೆಂದಿಲ್ಲ.

ಮೊದಲು ಆ ಕಾಲವನ್ನು ಸ್ವಲ್ಪ ನೋಡೋಣ. 1970ರ ದಶಕದ ನಡುವೆ ರಾಕ್ ಸಂಗೀತ ದೊಡ್ಡವರ ಆಟವಾಗಿತ್ತು. ದುಬಾರಿ ಉಪಕರಣ, ಹತ್ತು ಹದಿನೈದು ನಿಮಿಷದ ಗಿಟಾರ್ ಪ್ರದರ್ಶನ, ಕ್ರೀಡಾಂಗಣ ತುಂಬ ಜನ, ದೂರದ ವೇದಿಕೆಯಲ್ಲಿ ಚುಕ್ಕಿಯಷ್ಟು ಕಾಣುವ ತಾರೆಯರು. ಅದೇ ಹೊತ್ತಿಗೆ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಬ್ರಿಟನ್ನಿನಲ್ಲಿ ಕೆಲಸವಿಲ್ಲದವರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಕೈಯಲ್ಲಿ ಕಾಸಿಲ್ಲದ, ಸಂಗೀತ ಶಾಲೆಯ ಮುಖ ನೋಡದ ಹುಡುಗ ಹುಡುಗಿಯರಿಗೆ ಆ ವೇದಿಕೆಯಲ್ಲಿ ಜಾಗವಿರಲಿಲ್ಲ.

ನ್ಯೂಯಾರ್ಕಿನ ಬೋವರಿ ಬೀದಿಯಲ್ಲಿ 1973ರ ಕೊನೆಗೆ ಹಿಲ್ಲಿ ಕ್ರಿಸ್ಟಲ್ ಎಂಬವರು 'ಸಿಬಿಜಿಬಿ' ಎಂಬ ಸಣ್ಣ ಕ್ಲಬ್ ತೆರೆದರು. ಹೆಸರಿನ ಅಕ್ಷರಗಳು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಸಂಗೀತ ಪ್ರಕಾರಗಳನ್ನು ಸೂಚಿಸುತ್ತವೆ. ಅವರು ಬಯಸಿದ್ದೇ ಬೇರೆ, ಅಲ್ಲಿ ಬೆಳೆದದ್ದೇ ಬೇರೆ. ಅಲ್ಲಿಗೆ ಬರುವ ಬ್ಯಾಂಡ್‌ಗಳು ತಮ್ಮದೇ ಹಾಡು ಹಾಡಬೇಕು ಎಂಬುದು ಅವರ ಷರತ್ತು. 1974ರ ಆಗಸ್ಟ್‌ನಲ್ಲಿ ಕ್ವೀನ್ಸ್ ಪ್ರದೇಶದ ನಾಲ್ಕು ಹುಡುಗರು ಆ ವೇದಿಕೆ ಹತ್ತಿದರು. ಜೋಯಿ, ಜಾನಿ, ಡೀ ಡೀ, ಟಾಮಿ. ಅವರು ಅಣ್ಣ ತಮ್ಮಂದಿರಲ್ಲ, ಆದರೂ ನಾಲ್ವರೂ 'ರಮೋನ್' ಎಂಬ ಒಂದೇ ಮನೆಹೆಸರು ಇಟ್ಟುಕೊಂಡರು. 1976ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ 14 ಹಾಡು, ಒಟ್ಟು ಅವಧಿ ಅರ್ಧ ಗಂಟೆಗಿಂತ ಕಡಿಮೆ. ಧ್ವನಿಮುದ್ರಣಕ್ಕೆ ಸುಮಾರು ಒಂದು ವಾರ, ಖರ್ಚು ಸುಮಾರು 6,400 ಡಾಲರ್.

ಆ ಆಲ್ಬಂ ಆಗ ಹೆಚ್ಚು ಮಾರಾಟವಾಗಲಿಲ್ಲ. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಚಿನ್ನದ ಮನ್ನಣೆ ಅದಕ್ಕೆ ಸಿಕ್ಕಿದ್ದು 2014ರಲ್ಲಿ, ಅಂದರೆ 38 ವರ್ಷಗಳ ನಂತರ. ಆ ಹೊತ್ತಿಗೆ ಜೋಯಿ, ಡೀ ಡೀ, ಜಾನಿ ಮೂವರೂ ತೀರಿಕೊಂಡಿದ್ದರು. ಉಳಿದಿದ್ದವರು ಟಾಮಿ ಒಬ್ಬರೇ. ಕೆಲವೇ ವಾರಗಳಲ್ಲಿ ಅವರೂ ಹೋದರು.

ಹಾಗಾದರೆ ಮಾರಾಟವಾಗದ ಆ ಹಾಡುಗಳು ಉಳಿದದ್ದು ಹೇಗೆ? ನನ್ನ ಉತ್ತರ ಇದು: ಅವರನ್ನು ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಲಿಲ್ಲ, 'ಇದನ್ನು ನಾನೂ ಮಾಡಬಹುದು' ಎಂದು ಎದ್ದು ನಿಂತರು.

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದೆ. 1976ರ ಜೂನ್ 4ರಂದು ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್ ಅಲ್ಲಿನ ಒಂದು ಚಿಕ್ಕ ಸಭಾಂಗಣದಲ್ಲಿ ಹಾಡಿತು. ಬಂದವರು ಸುಮಾರು ನಲವತ್ತು ಮಂದಿ. ಇಂದು 'ಆ ದಿನ ನಾನೂ ಅಲ್ಲಿದ್ದೆ' ಎನ್ನುವವರನ್ನು ಲೆಕ್ಕ ಹಾಕಿದರೆ ಸಾವಿರ ದಾಟುತ್ತದೆ ಎಂದು ಅಭಿಮಾನಿಗಳೇ ತಮಾಷೆ ಮಾಡುತ್ತಾರೆ. ನಿಜವಾಗಿ ಅಲ್ಲಿದ್ದವರಲ್ಲಿ ಪೀಟರ್ ಹುಕ್ ಎಂಬ ಯುವಕ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡರು. ಮುಂದೆ ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆ ಸೇರಿ ಅವರು ಕಟ್ಟಿದ ಬ್ಯಾಂಡ್ 'ಜಾಯ್ ಡಿವಿಷನ್'. ಆ ಕಾರ್ಯಕ್ರಮವನ್ನು ಏರ್ಪಡಿಸಿದ ಇಬ್ಬರು ಹುಡುಗರು 'ಬಝ್‌ಕಾಕ್ಸ್' ಬ್ಯಾಂಡ್ ಕಟ್ಟಿ, ಮನೆಯವರು ಮತ್ತು ಗೆಳೆಯರಿಂದ ಸುಮಾರು 500 ಪೌಂಡ್ ಸಾಲ ಪಡೆದು, 1977ರ ಜನವರಿಯಲ್ಲಿ ತಮ್ಮ ಮೊದಲ ರೆಕಾರ್ಡನ್ನು ಯಾವ ಕಂಪೆನಿಯನ್ನೂ ಕಾಯದೆ ತಾವೇ ಹೊರತಂದರು. ಮೊದಲು ಮಾಡಿಸಿದ್ದು ಸಾವಿರ ಪ್ರತಿ. ಅದು ಖರ್ಚಾಗಿ, ಮತ್ತೆ ಮತ್ತೆ ಮಾಡಿಸಬೇಕಾಯಿತು.

ಬರೆಯುವವರಿಗೂ ಅದೇ ಧೈರ್ಯ ಬಂತು. ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಮಾರ್ಕ್ ಪೆರಿ ರಮೋನ್ಸ್ ಹಾಡು ಕೇಳಿ, ಅದೇ 1976ರಲ್ಲಿ ಒಂದು ಪತ್ರಿಕೆ ಶುರು ಮಾಡಿದರು. ಕೈಬರಹದ ಶೀರ್ಷಿಕೆ, ಟೈಪ್ ಮಾಡಿದ ಪುಟ, ಜೆರಾಕ್ಸ್ ಪ್ರತಿ, ಮೂಲೆಗೊಂದು ಪಿನ್. ಇಂಥದೇ ಇನ್ನೊಂದು ಕೈಪತ್ರಿಕೆ 1977ರ ಆರಂಭದಲ್ಲಿ ಗಿಟಾರಿನ ಮೂರು ಕಾರ್ಡ್‌ಗಳ ಚಿತ್ರ ಬರೆದು, ಇಷ್ಟು ಗೊತ್ತಾದರೆ ಸಾಕು, ಹೋಗಿ ಬ್ಯಾಂಡ್ ಕಟ್ಟಿ ಎಂಬ ಅರ್ಥದ ಮಾತು ಅಚ್ಚು ಮಾಡಿತು. ಪಂಕ್ ಬಗ್ಗೆ ಬಂದ ದಪ್ಪ ದಪ್ಪ ಪುಸ್ತಕಗಳಿಗಿಂತ ಆ ಒಂದು ಪುಟ ಹೆಚ್ಚು ಕೆಲಸ ಮಾಡಿದೆ ಎಂದು ನನಗನಿಸುತ್ತದೆ.

ಎರಡನೆಯ ಕಾರಣ, ಅವರಲ್ಲಿ ಹಲವರು ಅಭಿಮಾನಿಗಳನ್ನು ಕಂಡ ರೀತಿ. 'ದ ಕ್ಲ್ಯಾಶ್' ಬ್ಯಾಂಡಿನ ಜೋ ಸ್ಟ್ರಮ್ಮರ್ ಮತ್ತು ಗೆಳೆಯರು ಟಿಕೆಟ್ ಇಲ್ಲದ ಹುಡುಗರನ್ನು ಹಿಂಬಾಗಿಲಿನಿಂದ, ಕಿಟಕಿಯಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಊರಿಗೆ ಹಿಂತಿರುಗಲು ಬಸ್ಸಿಲ್ಲದವರಿಗೆ ತಮ್ಮ ಹೋಟೆಲ್ ಕೋಣೆಯ ನೆಲದಲ್ಲಿ ಮಲಗಲು ಜಾಗ ಕೊಡುತ್ತಿದ್ದರು. 1979ರ ಕೊನೆಯಲ್ಲಿ ಬಂದ ಅವರ ಎರಡು ರೆಕಾರ್ಡ್‌ಗಳ ಆಲ್ಬಂ ಒಂದರ ಬೆಲೆಗೇ ಸಿಗಬೇಕೆಂದು ಹಟ ಹಿಡಿದರು. ಮರುವರ್ಷ ಮೂರು ರೆಕಾರ್ಡ್‌ಗಳ ಆಲ್ಬಂ ತಂದಾಗ ಬೆಲೆ ಏರಬಾರದೆಂದು ಬ್ರಿಟನ್ನಿನ ಮೊದಲ ಎರಡು ಲಕ್ಷ ಪ್ರತಿಗಳ ಗೌರವಧನವನ್ನೇ ಬಿಟ್ಟುಕೊಟ್ಟರು. ಸ್ಟ್ರಮ್ಮರ್ ತೀರಿಕೊಂಡದ್ದು 2002ರ ಡಿಸೆಂಬರ್‌ನಲ್ಲಿ, 50ನೇ ವಯಸ್ಸಿನಲ್ಲಿ. ಅದಕ್ಕೆ ಸುಮಾರು ಐದು ವಾರ ಮುಂಚೆ ಅವರು ಲಂಡನ್ನಿನಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಸಂಘಕ್ಕೆ ನೆರವಾಗಲು ಹಾಡಿದ್ದರು. ಇಂಥವರನ್ನು ಜನ ಹೇಗೆ ಮರೆಯುತ್ತಾರೆ ಹೇಳಿ?

ಲಂಡನ್ನಿನ ಪಾಲಿ ಸ್ಟೈರೀನ್ ಅವರನ್ನೂ ನೆನೆಯಬೇಕು. ಸೊಮಾಲಿ ತಂದೆ, ಬ್ರಿಟಿಷ್ ತಾಯಿ, ಹಲ್ಲಿಗೆ ತಂತಿ. ಆ ಕಾಲದ ಸುಂದರಿಯರ ಅಚ್ಚಿಗೆ ಹೊಂದದ ಹುಡುಗಿ. ತನ್ನ 19ನೇ ಹುಟ್ಟುಹಬ್ಬದ ದಿನ ಸೆಕ್ಸ್ ಪಿಸ್ಟಲ್ಸ್ ಹಾಡುವುದನ್ನು ನೋಡಿದ ಆಕೆ ಜಾಹೀರಾತು ಕೊಟ್ಟು ಜೊತೆಗಾರರನ್ನು ಹುಡುಕಿ, 'ಎಕ್ಸ್-ರೇ ಸ್ಪೆಕ್ಸ್' ಕಟ್ಟಿದರು. ಹಲ್ಲಿನ ತಂತಿಯನ್ನು ಮುಚ್ಚಿಡಲಿಲ್ಲ. ಪ್ಲಾಸ್ಟಿಕ್ ವಸ್ತುಗಳ ವ್ಯಾಮೋಹದ ಬಗ್ಗೆ, ಕನ್ನಡಿ ಮುಂದೆ ನಿಂತು ನೋಯುವ ಹುಡುಗಿಯರ ಬಗ್ಗೆ ಹಾಡು ಬರೆದರು. 1978ರ ಆ ಹಾಡುಗಳನ್ನು ಇಂದು ಕೇಳಿದರೆ ಫೋಟೋಗೆ ಫಿಲ್ಟರ್ ಹಾಕಿ ಕುಳಿತ ನಮ್ಮ ಕಾಲದ ಬಗ್ಗೆಯೇ ಬರೆದಂತಿದೆ.

ಈಗ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಟೀಶರ್ಟಿನ ಮೇಲೆ ಹೆಚ್ಚಾಗಿ ಕಾಣುವ ಇನ್ನೊಂದು ಮುಖ ಸಿಡ್ ವಿಷಸ್‌ನದು. ಸೆಕ್ಸ್ ಪಿಸ್ಟಲ್ಸ್‌ಗೆ ನಡುವೆ ಸೇರಿದ ಅವನಿಗೆ ಬೇಸ್ ಗಿಟಾರ್ ಸರಿಯಾಗಿ ನುಡಿಸಲೂ ಬರುತ್ತಿರಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಅವನ ಗೆಳತಿ, 20 ವರ್ಷದ ನಾನ್ಸಿ ಸ್ಪಂಗನ್, ಇರಿತದಿಂದ ಸತ್ತಳು. ಕೊಲೆ ಆರೋಪ ಅವನ ಮೇಲೆ ಬಂತು. ವಿಚಾರಣೆಗೆ ಮೊದಲೇ, ಮುಂದಿನ ಫೆಬ್ರವರಿಯಲ್ಲಿ, ಹೆರಾಯಿನ್ ಸೇವಿಸಿ ಅವನೂ ಸತ್ತ. ವಯಸ್ಸು 21. ಡೀ ಡೀ ರಮೋನ್ ಅವರನ್ನು ಕೊಂದದ್ದೂ ಅದೇ ಹೆರಾಯಿನ್. ಒಂದೇ ಮನೆಹೆಸರು ಇಟ್ಟುಕೊಂಡ ಜೋಯಿ ಮತ್ತು ಜಾನಿ ಒಂದೇ ವೇದಿಕೆಯಲ್ಲಿ ನಿಂತೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ಅಭಿಮಾನಿಗಳು ತಪ್ಪುವುದು ಇಲ್ಲಿಯೇ. ಸಿಡ್‌ನ ಸಾವನ್ನು ಸಾಹಸವೆಂಬಂತೆ ಮಾರುತ್ತಾರೆ, ನಾನ್ಸಿಯ ಹೆಸರು ಯಾರಿಗೂ ಬೇಡ. ಬೇಗ ಸತ್ತವನೇ ನಿಜವಾದ ಪಂಕ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಉಳಿದದ್ದು ಕೆಲಸದಿಂದ. ರಮೋನ್ಸ್ 22 ವರ್ಷಗಳಲ್ಲಿ ವ್ಯಾನ್‌ನಲ್ಲಿ ಊರೂರು ಅಲೆದು 2,263 ಕಾರ್ಯಕ್ರಮ ಕೊಟ್ಟರು. ಆ ಲೆಕ್ಕ ನನಗೆ ಸಿಡ್‌ನ ಫೋಟೋಗಿಂತ ದೊಡ್ಡದು.

ಬದುಕಿ ಉಳಿದವರಲ್ಲಿ ನನಗೆ ಅಚ್ಚುಮೆಚ್ಚು ಪ್ಯಾಟಿ ಸ್ಮಿತ್. 1975ರ ಅವರ ಮೊದಲ ಆಲ್ಬಂ 'ಹಾರ್ಸಸ್' ಶುರುವಾಗುವ ಮಾತು ಯೇಸುವಿನ ಮರಣದ ಕುರಿತಾದದ್ದು. ನಮ್ಮಂಥವರ ಕಿವಿಗೆ ಅದು ಚುಚ್ಚುತ್ತದೆ, ನನಗೂ ಚುಚ್ಚಿತ್ತು. ತನ್ನ ತಪ್ಪಿಗೆ ತಾನೇ ಹೊಣೆ ಎನ್ನುವ ಯೌವನದ ಹಟ ಅದು ಎಂದು ಅವರು ಮುಂದೆ ವಿವರಿಸಿದರು. ಅದೇ ಪ್ಯಾಟಿ 2013ರಲ್ಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರ ಕೈ ಕುಲುಕಿದರು. 2014ರ ಡಿಸೆಂಬರ್‌ನಲ್ಲಿ ವ್ಯಾಟಿಕನ್‌ನ ಕ್ರಿಸ್ಮಸ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ಕೆಲವರು ವಿರೋಧಿಸಿದರು, ಆದರೂ ಬಾಗಿಲು ಮುಚ್ಚಲಿಲ್ಲ. 2016ರಲ್ಲಿ ಸ್ಟಾಕ್‌ಹೋಮ್‌ನ ನೊಬೆಲ್ ಸಮಾರಂಭದಲ್ಲಿ ಬಾಬ್ ಡಿಲನ್ ಅವರ ಹಾಡು ಹಾಡುವಾಗ ಸಾಲು ಮರೆತು ನಿಂತುಬಿಟ್ಟರು. ರಾಜಮನೆತನದವರ ಎದುರೇ ಕ್ಷಮೆ ಕೇಳಿ, ಗಾಬರಿಯಾಗಿದೆ ಎಂದು ಹೇಳಿ, ಮತ್ತೆ ಶುರು ಮಾಡಿ ಮುಗಿಸಿದರು. ಆಗ ಅವರಿಗೆ 70ರ ಹತ್ತಿರ ವಯಸ್ಸು. ತಪ್ಪಿದ ಮೇಲೆ ಓಡಿಹೋಗದೆ ಅಲ್ಲೇ ನಿಂತು ಮತ್ತೆ ಆರಂಭಿಸುವುದು, ಪಂಕ್ ಕಲಿಸಿದ್ದು ಅದನ್ನೇ.

ಸಿಬಿಜಿಬಿ ಈಗ ಇಲ್ಲ. 2006ರ ಅಕ್ಟೋಬರ್‌ನಲ್ಲಿ ಪ್ಯಾಟಿ ಸ್ಮಿತ್ ಅವರೇ ಅಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು, ಅಗಲಿದ ಸಂಗೀತಗಾರರ ಹೆಸರುಗಳನ್ನು ಓದಿದರು. ಆಮೇಲೆ ಆ ಜಾಗಕ್ಕೆ ದುಬಾರಿ ಬಟ್ಟೆ ಅಂಗಡಿ ಬಂತು. ಹಾಗಾಗಿ ನಮ್ಮ ಹುಡುಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲವೇನೋ! ಅದರ ಪಕ್ಕದ ಮೂಲೆಗೆ ನಗರದವರು 'ಜೋಯಿ ರಮೋನ್ ಪ್ಲೇಸ್' ಎಂದು ಹೆಸರಿಟ್ಟಿದ್ದಾರೆ. ಅಭಿಮಾನಿಗಳು ಆ ಫಲಕವನ್ನು ಎಷ್ಟು ಸಲ ಕದ್ದರೆಂದರೆ, ಕೊನೆಗೆ ಅದನ್ನು ಕೈಗೆ ಸಿಗದಷ್ಟು ಎತ್ತರಕ್ಕೆ ಏರಿಸಬೇಕಾಯಿತು.

ಕಳೆದ ವಾರ ಅದೇ ಹುಡುಗನಿಗೆ ಆ ಮೊದಲ ಆಲ್ಬಂ ಕೇಳಿಸಿದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಅವನು, "ಇಷ್ಟೇಯಾ ಅಣ್ಣ? ಇದನ್ನು ನಾನೂ ನುಡಿಸಬಹುದಲ್ಲ" ಎಂದ. ನನಗೆ ಬೇಕಾಗಿದ್ದ ಮಾತೇ ಅದು. ಈಗ ಅವನು ಸ್ವಂತ ಹಾಡೊಂದನ್ನು ಬರೆಯುತ್ತಿದ್ದಾನೆ, ಕನ್ನಡದಲ್ಲಿ.

ನಿಮ್ಮಲ್ಲಿ ಎಷ್ಟೋ ಮಂದಿ, ಚೆನ್ನಾಗಿ ಬರುವವರೆಗೆ ಯಾರ ಮುಂದೆಯೂ ಹಾಡಬಾರದು, ಬರೆಯಬಾರದು ಎಂದು ಕಾಯುತ್ತಾ ಕುಳಿತಿದ್ದೀರಿ. ಕಾಯಬೇಡಿ. ಆ ಟೀಶರ್ಟ್ ಹಾಕಿಕೊಳ್ಳುವವರು ಹಾಕಿಕೊಳ್ಳಲಿ, ನನ್ನದೇನೂ ಆಕ್ಷೇಪವಿಲ್ಲ. ಆದರೆ ಅದರ ಮೇಲಿನ ನಾಲ್ಕು ಹೆಸರು ಯಾರದೆಂದು ತಿಳಿದುಕೊಳ್ಳಿ. ಅವರ ತಪ್ಪನ್ನು ಅಲ್ಲೇ ಬಿಡಿ, ಅವರ ಧೈರ್ಯವನ್ನು ಮಾತ್ರ ಮನೆಗೆ ತನ್ನಿ.