ಫಿಲ್ಟರ್ ನೀರೋ, ಬೋರ್ ನೀರೋ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಈಗ ಎರಡು ಬಗೆಯ ನೀರಿರುತ್ತದೆ. ಕುಡಿಯುವುದಕ್ಕೆ ಫಿಲ್ಟರ್ ನೀರು, ಮಿಕ್ಕಿದ್ದಕ್ಕೆಲ್ಲ ನಲ್ಲಿಯಲ್ಲಿ ಬರುವ ಬೋರ್ ನೀರು. ಊರ ಮುಂದಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ, ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ, ಬೈಕಿನ ಮೇಲಿಟ್ಟುಕೊಂಡು ಬರುವುದು ಬೆಳಗಿನ ಕೆಲಸಗಳಲ್ಲಿ ಒಂದಾಗಿದೆ. ಇದರ ಬಗ್ಗೆ ಅರಳಿಕಟ್ಟೆಯಲ್ಲಿ ವಾದವೂ ನಡೆಯುತ್ತದೆ. ಫಿಲ್ಟರ್ ನೀರು ಕುಡಿದೇ ಮಂಡಿ ನೋವು ಶುರುವಾಯಿತು, ಅದರಲ್ಲಿ ಸತ್ವವೇ ಇಲ್ಲ ಎನ್ನುವವರಿದ್ದಾರೆ. ಬೋರ್ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲು ಗ್ಯಾರಂಟಿ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಒಂದಿಷ್ಟು ನಿಜವಿದೆ.

ಘಟಕಗಳು ಬಂದದ್ದು ಸುಮ್ಮನೆ ಅಲ್ಲ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮತ್ತು ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಈ ಸೀಮೆಯ ನದಿಗಳು. 1894ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಗೂ 1933ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ನೀರು ಹರಿದದ್ದು ಇಲ್ಲಿಂದಲೇ. ಬೆಂಗಳೂರಿಗೆ ಕುಡಿಯಲು ಕೊಟ್ಟ ನೆಲ ಈಗ ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ನಂಬಿಕೊಂಡಿದೆ. ಕೆರೆಯ ಕೆಳಗಿನ ತೆರೆದ ಬಾವಿಯ ನೀರಿಗೂ ಈ ನೀರಿಗೂ ಬಹಳ ವ್ಯತ್ಯಾಸ. ಗ್ರಾನೈಟ್ ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಬೆಳೆಯುವ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಕೂರುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಬಹಳ ವರ್ಷ ಕುಡಿದರೆ ಬೆನ್ನು, ಕೀಲುಗಳು ಬಿಗಿಯುತ್ತವೆ, ಕಾಲುಗಳು ಬಾಗುತ್ತವೆ. ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಔಷಧಿ ಇಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಘಟಕದಲ್ಲಿರುವ ಆರ್‌ಓ (ರಿವರ್ಸ್ ಆಸ್ಮೋಸಿಸ್) ಮೆಂಬ್ರೇನ್ ಅದರ ಬಹುಪಾಲನ್ನು ತೆಗೆಯುತ್ತದೆ. ಫ್ಲೋರೈಡ್ ಇರುವ ಊರಿನ ಮಟ್ಟಿಗೆ ಈ ಒಂದೇ ಕಾರಣ ಸಾಕು, ಘಟಕದ ಪರ ವಾದ ಗೆದ್ದಂತೆಯೇ.

ಫಿಲ್ಟರ್ ನೀರಿನ ಇನ್ನೊಂದು ಗುಣ ಅಷ್ಟಾಗಿ ಯಾರ ಮಾತಿನಲ್ಲೂ ಬರುವುದಿಲ್ಲ. ಅದು ರುಚಿಯಾಗಿರುವುದರಿಂದ ಜನ ಹೆಚ್ಚು ಕುಡಿಯುತ್ತಾರೆ. ಬಾಯಿಗಿಟ್ಟರೆ ಉಪ್ಪುಪ್ಪು ಅನಿಸುವ ನೀರನ್ನು ಬಾಯಾರಿದಾಗ ಎರಡು ಗುಟುಕು ಕುಡಿದು ಲೋಟ ಕೆಳಗಿಡುತ್ತೇವೆ. ದೇವನಹಳ್ಳಿಯ ದ್ರಾಕ್ಷಿ ತೋಟದಲ್ಲಿ ಬಿಸಿಲಿಗೆ ಬೆವರುವವರಿಗೆ, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಇಡೀ ದಿನ ನಿಲ್ಲುವವರಿಗೆ ಅದು ಸಾಲದು. ಕಿಡ್ನಿ ಕಲ್ಲಿಗೆ ಗಡಸು ನೀರನ್ನೇ ದೂರುತ್ತೇವೆ. ವೈದ್ಯರು ಒತ್ತಿ ಹೇಳುವುದು ಬೇರೆ: ಕಲ್ಲಾದವರು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು. ಗಡಸು ನೀರಿಗಿಂತ ಕಡಿಮೆ ನೀರೇ ದೊಡ್ಡ ಶತ್ರು.

ಈಗ ಎದುರು ಪಕ್ಷದ ಮಾತು. ಸತ್ವವಿಲ್ಲ ಎಂಬ ದೂರನ್ನು ಅಜ್ಜಿಯರ ಮಾತೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ, ಕುಡಿಯುವ ನೀರಿನ ಪೋಷಕಾಂಶಗಳ ಕುರಿತ ಪುಸ್ತಕ ಇದೇ ಎಚ್ಚರಿಕೆ ಕೊಟ್ಟಿದೆ. ಖನಿಜ ತೆಗೆದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ ಎನ್ನುವುದಷ್ಟೇ ಅಲ್ಲ, ಅಂಥ ನೀರಿನಲ್ಲಿ ಬೇಯಿಸಿದರೆ ತರಕಾರಿ, ಕಾಳುಗಳಲ್ಲಿರುವ ಈ ಎರಡು ಖನಿಜಗಳು ಶೇ. 60ರವರೆಗೂ ನಷ್ಟವಾಗಬಹುದು ಎಂದು ಅದರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಬೋರ್ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 200 ಮಿಲಿಗ್ರಾಂ ಸಿಕ್ಕಿತು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚಿದೆ, ಆದರೆ ಅದೆಲ್ಲವೂ ಮೈಗೆ ಹತ್ತುವುದಿಲ್ಲ. ಎರಡು ಹೊತ್ತು ಮುದ್ದೆ, ಸೊಪ್ಪು, ಮಜ್ಜಿಗೆ ಇರುವ ಮನೆಗೆ ನೀರಿನಿಂದ ಹೋದದ್ದು ದೊಡ್ಡ ನಷ್ಟವಲ್ಲ. ಬರೀ ಅನ್ನ, ತಿಳಿಸಾರಿನಲ್ಲಿ ದಿನ ದೂಡುವ ಬಡ ಮನೆಗೆ, ಬಸುರಿ ಬಾಣಂತಿಯರಿಗೆ ಅದು ನಷ್ಟವೇ. ಹಾಗೆಂದು ಮಂಡಿ ನೋವಿಗೆಲ್ಲ ಫಿಲ್ಟರ್ ನೀರೇ ಕಾರಣ ಅನ್ನುವುದಕ್ಕೆ ಆಧಾರವಿಲ್ಲ. ಇನ್ನೊಂದು ತೊಡಕೂ ಇದೆ: ಹುಳುಕು ಹಲ್ಲು ತಡೆಯಲು ಅಲ್ಪಸ್ವಲ್ಪ ಫ್ಲೋರೈಡ್ ಬೇಕು, ಮೆಂಬ್ರೇನ್ ಅದನ್ನೂ ಬಿಡುವುದಿಲ್ಲ.

ನನಗೆ ಖನಿಜಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಕ್ಯಾನು. ಪಂಚಾಯಿತಿ ಟ್ಯಾಂಕಿಗೆ ನೀರುಗಂಟಿ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕ್ಲೋರಿನ್ ಅಂಶ ಮನೆಯ ಕೊಡದವರೆಗೂ ಕಾವಲು ಬರುತ್ತದೆ. ಫಿಲ್ಟರ್ ನೀರಿಗೆ ಆ ಕಾವಲಿಲ್ಲ. ಒಳಗೆ ಕೈ ಹೋಗದ ಕ್ಯಾನಿನ ಮೂಲೆಯಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ. ಶುದ್ಧ ನೀರು ಅದರಲ್ಲಿ ಎರಡು ದಿನ ನಿಲ್ಲುತ್ತದೆ. ಮೆಂಬ್ರೇನ್ ಕಾಲಕ್ಕೆ ಬದಲಾಗದಿದ್ದರೆ ಬರುವುದು ಹೆಸರಿಗಷ್ಟೇ ಫಿಲ್ಟರ್ ನೀರು. ಒಳಗೆ ಹೋದ ನೀರಿನ ದೊಡ್ಡ ಪಾಲು ಇನ್ನಷ್ಟು ಗಡಸಾಗಿ ಚರಂಡಿಗೆ ಹರಿಯುತ್ತದೆ, ಅದೂ ಅಂತರ್ಜಲ ಬರಿದಾಗಿರುವ ಜಿಲ್ಲೆಯಲ್ಲಿ. ದಿನಕ್ಕೊಂದು ಕ್ಯಾನೆಂದರೆ ವರ್ಷಕ್ಕೆ 1,825 ರೂಪಾಯಿ. ಘಟಕ ಕೆಟ್ಟು ನಿಂತ ವಾರ ಬೈಕಿದ್ದವರು ಪಕ್ಕದೂರಿಗೆ ಹೋಗುತ್ತಾರೆ. ಒಂಟಿ ಮುದುಕಿ ನಲ್ಲಿ ನೀರನ್ನೇ ಕುಡಿಯುತ್ತಾಳೆ.

ಮನೆಗೆ ಆರ್‌ಓ ಮಾರಲು ಬರುವವರ ಒಂದು ಪ್ರದರ್ಶನವನ್ನು ಬಹಳ ಜನ ನೋಡಿದ್ದಾರೆ. ಎರಡು ಲೋಟ, ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಓ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಹಾಕುತ್ತಾರೆ. ನಿಮಿಷದಲ್ಲಿ ನಲ್ಲಿ ನೀರು ಕಂದಾಗಿ, ಕೆಸರಿನಂತಾಗಿ ನೊರೆಯೇಳುತ್ತದೆ. ಮನೆಯವರು ಬೆಚ್ಚಿಬೀಳುತ್ತಾರೆ. ಆ ಬಣ್ಣ ಬಂದದ್ದು ನೀರಿನ ಕೊಳೆಯಿಂದಲ್ಲ, ಕಡ್ಡಿಯ ಕಬ್ಬಿಣದಿಂದ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣ ಕರಗುತ್ತದೆ, ಲವಣವಿಲ್ಲದ ನೀರಿನಲ್ಲಿ ಹರಿಯುವುದಿಲ್ಲ. ಅವರ ಕೈಯಲ್ಲಿರುವ ಟಿಡಿಎಸ್ ಮೀಟರ್ ಕೂಡ ಹೇಳುವುದು ಕರಗಿದ ಒಟ್ಟು ಲವಣವನ್ನು ಮಾತ್ರ. ಟಿಡಿಎಸ್ 400 ಇದ್ದ ನೀರಿನಲ್ಲಿ ಫ್ಲೋರೈಡ್ 2 ಇರಬಹುದು, 900 ಇದ್ದ ನೀರಿನಲ್ಲಿ 1ಕ್ಕಿಂತ ಕಡಿಮೆಯೂ ಇರಬಹುದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದಾಗ ನೀರು ಪೋಲಾಗುವುದು ತಪ್ಪಲೆಂಬ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಫ್ಲೋರೈಡ್ ಸೀಮೆಯಲ್ಲಿ ಆ ಒಂದೇ ಅಂಕಿಯನ್ನು ನಂಬುವಂತಿಲ್ಲ.

ಆದ್ದರಿಂದ ಫಿಲ್ಟರ್ ನೀರು ಬೇಕೋ ಬೇಡವೋ ಎಂಬುದಕ್ಕೆ ಇಡೀ ಜಿಲ್ಲೆಗೆ ಒಂದೇ ಉತ್ತರವಿಲ್ಲ, ಕೊಳವೆಬಾವಿಗೊಂದು ಉತ್ತರವಿದೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪ್ರತಿ ಬೋರಿನ ಫ್ಲೋರೈಡ್, ನೈಟ್ರೇಟ್ ಪರೀಕ್ಷಿಸಿ ಫಲಿತಾಂಶವನ್ನು ಘಟಕದ ಗೋಡೆಗೆ ಬರೆಸಿದರೆ ಅರಳಿಕಟ್ಟೆಯ ವಾದ ಅರ್ಧ ಮುಗಿಯುತ್ತದೆ. ಎರಡೂ ಮಿತಿಯೊಳಗಿದ್ದರೆ ಕ್ಲೋರಿನ್ ಹಾಕಿದ ನಲ್ಲಿ ನೀರೇ ಸಾಕು, ಸ್ವಲ್ಪ ಗಡಸಿದ್ದರೂ ಸರಿ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಮಾತು ಬೇರೆ. ಕಾರ್ಖಾನೆಗಳ ಮತ್ತು ಪಟ್ಟಣದ ಕೊಳಚೆ ಅರ್ಕಾವತಿಯ ಕೆರೆಗಳಿಗೆ ಸೇರುವುದನ್ನು ನಿಲ್ಲಿಸಿ, ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ಅಲ್ಲಿಯವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರಿಗೆ ಕೊಡುವ ಉತ್ತರ ಇನ್ನೊಂದು ಫಿಲ್ಟರ್ ಘಟಕ ಆಗಬಾರದು.

ಫ್ಲೋರೈಡ್ ಮಿತಿ ಮೀರಿದ ಊರಿನಲ್ಲಿ, ದಿನಕ್ಕೊಂದೇ ಕ್ಯಾನು ತರಲು ಸಾಧ್ಯವಿರುವ ಮನೆಯಲ್ಲಿ, ಅದರ ಮೊದಲ ಹಕ್ಕು ಎಂಟು ವರ್ಷದೊಳಗಿನ ಮಕ್ಕಳದು. ಅವರ ಕಾಯಂ ಹಲ್ಲಿನ ಹೊರಪದರ ಒಸಡಿನೊಳಗೆ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ. ಕುಡಿಯುವುದಕ್ಕೆ ಮಾತ್ರವಲ್ಲ, ಅವರು ಉಣ್ಣುವ ಅನ್ನ, ಸಾರು, ಮುದ್ದೆಗೂ ಅದೇ ನೀರಿಡಬೇಕು. ಎಸರಿಗೆ ಬೋರ್ ನೀರಿಟ್ಟರೆ ಫ್ಲೋರೈಡ್ ತಟ್ಟೆಯ ಮೂಲಕವೇ ಮಗುವಿನ ಹೊಟ್ಟೆಗೆ ಹೋಗುತ್ತದೆ.